ಕೆಂಪು ಬಟ್ಟೆ ಬಿಚ್ಚುವವರು

ಕಾಸರಕೋಡು, ಹೊನ್ನಾವರ
4 ಮೇ 1986

ಚಿ. ಸೌ. ಕಮಲಿಗೆ ಅತ್ತೆಯ ಆಶೀರ್ವಾದ.

ನಿನ್ನ ಪತ್ರ ಬಂತು. ಹೈದರಾಬಾದಿನ ಬಿಸಿಲು, ಹಾಸ್ಟೆಲಿನ ನೀರು ಸಾರು, ಬಸ್ಸಿನ ನೂಕುನುಗ್ಗಲು ಎಲ್ಲ ಬರೆದಿದ್ದೀಯ. ಕೆಲಸದ ವಿಷಯಕ್ಕೆ ಮಾತ್ರ 'ಚೆನ್ನಾಗಿ ನಡೆದಿದೆ' ಎಂದು ಒಂದೇ ಸಾಲು. ಮೀನು ತಾಜಾ ಇದೆ ಎಂದು ಮಾರುವವರೆಲ್ಲ ಹೇಳುತ್ತಾರೆ. ಬುಟ್ಟಿಯ ಅಡಿಗೆ ಕೈ ಹಾಕಿ ನೋಡುವುದು ನನ್ನ ಅಭ್ಯಾಸ.

ಮೊನ್ನೆ ಕುಮಟೆಗೆ ಮದುವೆಗೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಪಕ್ಕದವಳು ಕೇಳಿದಳು: "ದುರ್ಗಕ್ಕ, ನಿಮ್ಮ ಸೊಸೆ ಅಷ್ಟು ದೂರ ಹೋಗಿ ಎಂತ ಮಾಡ್ತಾಳೆ?" ಕಂಪ್ಯೂಟರ್ ಮಾಡ್ತಾಳೆ ಎಂದೆ. "ಅದೆಂತದು, ತಿಂಬುದಾ ಉಡುದಾ?" ಎಂದಳು. ಪಂಕ್ತಿಯೆಲ್ಲ ನಕ್ಕಿತು. ಹೊನ್ನಾವರದ ಹೈಸ್ಕೂಲಿನಲ್ಲಿ ಹತ್ತನೇ ಇಯತ್ತೆಯ ತನಕ ಕಲಿತವಳು ನಾನು. ಸೊಸೆಯನ್ನು ದೂರದ ನೌಕರಿಗೆ ಕಳಿಸಿ ಮಗನನ್ನು ಒಂಟಿ ಮಾಡಿದಳು ಎಂದು ಕೇರಿ ಆಡಿಕೊಂಡಾಗ ಎಲ್ಲರ ಬಾಯಿ ಮುಚ್ಚಿಸಿದವಳು. ಅಂಥ ನಾನು ಆ ಹೆಂಗಸಿಗೆ ಉತ್ತರ ಕೊಡಲಾಗದೆ ಪಾಯಸ ಕುಡಿದು ಎದ್ದು ಬಂದೆ. ಇನ್ನೊಮ್ಮೆ ಹಾಗಾಗಬಾರದು. ನೀನು ಮಾಡುವುದು ಏನು ಎಂದು ನನಗೆ ತಿಳಿಯುವ ಹಾಗೆ ಬರೆ.

ಶ್ರೀಕೃಷ್ಣ ಚೆನ್ನಾಗಿದ್ದಾನೆ, ಹೆಂಡತಿಯ ಪತ್ರದ ದಾರಿ ಕಾಯುತ್ತಾನೆ. ಮಳೆಗೆ ಮುಂಚೆ ಬೋಟು ದಡಕ್ಕೆ ಎಳೆದು ಶೆಡ್ಡಿಗೆ ಸೇರಿಸಬೇಕು. ಹಲಗೆ ಕೆಲಸಕ್ಕೆ ನಿನ್ನ ತವರಿನ ಕಡೆಯಿಂದ, ಭಟ್ಕಳದಿಂದ, ಜಟ್ಟಿ ಎಂಬ ಬಡಗಿಯನ್ನು ಕರೆಸಿದ್ದೇನೆ. ಕೈ ಒಳ್ಳೆಯದು, ಮಾತು ಹೆಚ್ಚು.

ದುರ್ಗಮ್ಮ


ಹೈದರಾಬಾದ್
20 ಮೇ 1986

ಪೂಜ್ಯ ಅತ್ತೆಯವರಿಗೆ ಕಮಲಿಯ ನಮಸ್ಕಾರಗಳು.

ಪಂಕ್ತಿಯ ಕಥೆ ಓದಿ ನಗು ಬಂತು, ಆಮೇಲೆ ನನ್ನ ಮೇಲೇ ಬೇಸರ ಬಂತು. ನೀವು ಕೇಳಿದ್ದನ್ನು ಬರೆಯುತ್ತೇನೆ.

ಕಂಪ್ಯೂಟರಿನ ಒಳಗೆ ಒಂದು ಮುಖ್ಯ ಪ್ರೋಗ್ರಾಮ್ ಇರುತ್ತದೆ. ಪ್ರೋಗ್ರಾಮ್ ಎಂದರೆ ಯಂತ್ರಕ್ಕೆ ಬರೆದಿಟ್ಟ ಅಪ್ಪಣೆಗಳ ಸಾಲು. ಈ ಮುಖ್ಯ ಪ್ರೋಗ್ರಾಮ್ ನಮ್ಮ ಮನೆಯಲ್ಲಿ ನೀವು ಇದ್ದ ಹಾಗೆ. ಯಾರು ಯಾವಾಗ ಏನು ಮಾಡಬೇಕೆಂದು ಹೇಳುವುದು ಅದೇ. ಅದು ಕೆಲಸದಲ್ಲಿರುವಾಗ ಹೊರಗಿನಿಂದ ಕರೆಗಳು ಬರುತ್ತಲೇ ಇರುತ್ತವೆ. ಗಡಿಯಾರ ಕರೆಯುತ್ತದೆ, ಕೀಲಿಮಣೆ ಕರೆಯುತ್ತದೆ, ಅಚ್ಚು ಹಾಕುವ ಯಂತ್ರ ಕಾಗದ ಮುಗಿಯಿತು ಎಂದು ಕರೆಯುತ್ತದೆ. ಇಂಥ ಕರೆಗೆ ಇಲ್ಲಿ ಇಂಟರಪ್ಟ್ ಎನ್ನುತ್ತಾರೆ. ಕೈಯಲ್ಲಿದ್ದುದನ್ನು ಬಿಟ್ಟು ಓಗೊಟ್ಟು, ಮತ್ತೆ ಬಿಟ್ಟಲ್ಲಿಗೇ ಬರಬೇಕು. ಅರ್ಧದಲ್ಲಿ ಬಿಡಲಾಗದ ಕೆಲಸವಿದ್ದಾಗ ಮುಖ್ಯ ಪ್ರೋಗ್ರಾಮ್ ಸ್ವಲ್ಪ ಹೊತ್ತು ಬಾಗಿಲು ಹಾಕಿಕೊಳ್ಳುತ್ತದೆ. ಕರೆಗಳು ಹೊರಗೆ ಕಾಯುತ್ತವೆ. ಆದರೆ ಬಹಳ ಹೊತ್ತು ಹಾಕಿಡಬಾರದು. ಕಾಯುವ ಜಾಗ ಚಿಕ್ಕದು. ತಡವಾದರೆ ಕೆಲವು ಕರೆಗಳು ಕಳೆದೇ ಹೋಗುತ್ತವೆ.

ಒಂದು ಕರೆಗೆ ಮಾತ್ರ ಬಾಗಿಲೇ ಇಲ್ಲ. ಕರೆಂಟು ಹೋಗುತ್ತಿದೆ ಎಂಬ ಕರೆ. ಯಾರು ಏನೇ ಮಾಡುತ್ತಿರಲಿ, ಅದು ಒಳಗೆ ಬಂದೇ ಬರುತ್ತದೆ.

ಮುಖ್ಯ ಪ್ರೋಗ್ರಾಮ್ ಎಲ್ಲಾದರೂ ಎಡವಿದಾಗ, ಅಥವಾ ನಾವು 'ಇಲ್ಲಿ ನಿಲ್ಲು' ಎಂದು ಗುರುತು ಹಾಕಿದ ಜಾಗಕ್ಕೆ ಬಂದಾಗ, ಎಲ್ಲವನ್ನೂ ಇದ್ದ ಹಾಗೇ ನಿಲ್ಲಿಸಿ ಒಳಗೆ ತಪ್ಪೇನೆಂದು ನೋಡಲು ಒಂದು ಭಾಗ ಬೇಕು. ಅದನ್ನು ಬರೆಯುವುದು ನನ್ನ ಕೆಲಸ. ವೈದ್ಯರು ನಾಡಿ ಹಿಡಿದಾಗ ನಡುವೆ ಯಾರೂ ಮಾತಾಡಿಸಬಾರದಲ್ಲ, ಹಾಗೆ ಇದೂ ನೋಡುವಷ್ಟು ಹೊತ್ತು ಬಾಗಿಲು ಮುಚ್ಚುತ್ತದೆ, ಮುಗಿದ ಮೇಲೆ ತೆರೆಯುತ್ತದೆ.

ಆಗಸ್ಟ್ ಹನ್ನೊಂದಕ್ಕೆ ದೆಹಲಿಯಿಂದ ಅಧಿಕಾರಿಗಳು ನೋಡಲು ಬರುತ್ತಾರೆ. ಯಂತ್ರ ನಿಲ್ಲದೆ ನಡೆದರೆ ನಮ್ಮ ತಂಡ ಉಳಿಯುತ್ತದೆ. ಇಲ್ಲವಾದರೆ ಹೊರದೇಶದ ಯಂತ್ರ ತರಿಸಿ ನಮ್ಮ ಕೆಲಸ ಮುಚ್ಚುತ್ತಾರೆ. ಸದ್ಯಕ್ಕೆ ಯಂತ್ರ ಆಗಾಗ ಸ್ತಬ್ಧವಾಗುತ್ತದೆ. ನೋಡೋಣ.

ನಿಮ್ಮ ಮಗನಿಗೆ ಬೇರೆ ಪತ್ರ ಹಾಕಿದ್ದೇನೆ.

ಕಮಲಿ


ಕಾಸರಕೋಡು
15 ಜೂನ್ 1986

ಚಿ. ಸೌ. ಕಮಲಿಗೆ ಆಶೀರ್ವಾದ.

ಪತ್ರವನ್ನು ಮತ್ತೆ ಮತ್ತೆ ಓದಿದೆ. ಅರ್ಥವಾಯಿತು. ಕುಮಟೆಯವಳಿಗೆ ಉತ್ತರ ಸಿದ್ಧ ಮಾಡಿ ಇಟ್ಟುಕೊಂಡಿದ್ದೇನೆ, ಇನ್ನೊಂದು ಮದುವೆ ಬರಲಿ.

'ಯಂತ್ರ ಸ್ತಬ್ಧವಾಗುತ್ತದೆ' ಎಂದು ಬರೆದಿದ್ದೀಯ. ಕೈಜಾರಿ ಬೀಳಿಸಿದಾಗ ನಮ್ಮ ಮನೆಗೆಲಸದ ಮಾದಿಯೂ "ಮಡಕೆ ಒಡೀತು ಅಮ್ಮ" ಎನ್ನುತ್ತಾಳೆ, ಮಡಕೆ ತಾನೇ ಒಲೆಯಿಂದ ಹಾರಿದ ಹಾಗೆ. ಯಾರ ಭಾಗದಿಂದ ನಿಲ್ಲುತ್ತದೆ? ನಿನ್ನದಾದರೆ ನಿನ್ನದು ಎಂದು ಬರೆ. ತಪ್ಪು ಯಾರದೆಂದು ಗೊತ್ತಾದರೆ ಅರ್ಧ ಕೆಲಸ ಆದ ಹಾಗೆ. ಕೆಲಸ ಮುಗಿಸದೆ ಮಾತ್ರ ಬರಬೇಡ. ನಿನ್ನನ್ನು ಕಳಿಸುವಾಗ ಕೇರಿಯ ಮುಂದೆ ಮಾತು ಕೊಟ್ಟವಳು ನಾನು.

ಮಳೆ ಹಿಡಿದಿದೆ. ಅಳಿವೆಯಲ್ಲಿ ಅಲೆ ಎದ್ದು ಒಂದು ದೋಣಿಯೂ ಹೊರಗಿಲ್ಲ. ಒಣ ಸೀಗಡಿ, ಮುರುಗಲ ಹುಳಿ ಕಟ್ಟಿ ಕಳಿಸಿದ್ದೇನೆ. ಹಾಸ್ಟೆಲಿನವರಿಗೆ ವಾಸನೆ ಬಂದರೆ ಮೂಗು ಮುಚ್ಚಿಕೊಳ್ಳಲಿ.

ದುರ್ಗಮ್ಮ


ಹೈದರಾಬಾದ್
28 ಜೂನ್ 1986

ಪೂಜ್ಯ ಅತ್ತೆಯವರಿಗೆ ನಮಸ್ಕಾರಗಳು.

ಮಡಕೆ ಬೀಳಿಸಿದವಳು ನಾನೇ.

ಯಂತ್ರ ನಿಲ್ಲುವುದು ನನ್ನ ಭಾಗದಿಂದ. ಎಷ್ಟೋ ಸಲ ಸರಿಯಾಗಿ ನಿಲ್ಲಿಸುತ್ತದೆ, ತೋರಿಸುತ್ತದೆ, ಮುಂದೆ ಬಿಡುತ್ತದೆ. ಯಾವಾಗಲೋ ಒಮ್ಮೆ, ನೋಡಿ ಮುಗಿಸಿ ಮುಂದೆ ಹೋಗು ಎಂದ ತಕ್ಷಣ ಯಂತ್ರ ಹೆಣದಂತೆ ಬಿದ್ದುಬಿಡುತ್ತದೆ. ಕೀಲಿ ಒತ್ತಿದರೂ ಇಲ್ಲ, ಗಡಿಯಾರವೂ ಇಲ್ಲ. ಯಾಕೆ ಆಗ ಮಾತ್ರ ಎಂದು ತಿಳಿಯುತ್ತಿಲ್ಲ. ಪ್ರತಿ ಸಾಲನ್ನೂ ನೋಡಿದ್ದೇನೆ. ಮುಚ್ಚಬೇಕಾದಲ್ಲಿ ಮುಚ್ಚಿದ್ದೇನೆ, ತೆರೆಯಬೇಕಾದಲ್ಲಿ ತೆರೆದಿದ್ದೇನೆ.

ಜುಲೈ ಮುಗಿಯುವುದರೊಳಗೆ ಸರಿಯಾಗದಿದ್ದರೆ ನನ್ನ ಕೆಲಸ ಬೇರೆಯವರಿಗೆ ಕೊಟ್ಟು ನನ್ನನ್ನು ಬಿಟ್ಟುಬಿಡುತ್ತೇವೆ ಎಂದು ಮೇಲಿನವರು ಹೇಳಿದ್ದಾರೆ. ಹೋದ ಪತ್ರದಲ್ಲಿ ಇದನ್ನು ಬರೆಯಲು ಧೈರ್ಯವಾಗಲಿಲ್ಲ.

ಅವರಿಂದ ಪತ್ರ ಬಂದು ಬಹಳ ದಿನವಾಯಿತು. ಕೆಲಸ ಹೆಚ್ಚೇ?

ಕಮಲಿ


ಕಾಸರಕೋಡು
12 ಜುಲೈ 1986

ಚಿ. ಸೌ. ಕಮಲಿಗೆ ಆಶೀರ್ವಾದ.

ನಿನ್ನದೆಂದು ಒಪ್ಪಿಕೊಂಡೆಯಲ್ಲ, ಅಷ್ಟು ಸಾಕು. ಇನ್ನು ಕೂತು ಹುಡುಕು. ಬೇರೆ ಯಾವುದನ್ನೂ ತಲೆಗೆ ಹಚ್ಚಿಕೊಳ್ಳಬೇಡ.

ಇಲ್ಲಿ ಒಂದು ಅನಾಹುತವಾಯಿತು. ಬರೆಯದೆ ಬಿಡಬಹುದಿತ್ತು, ಆದರೆ ಸಿಟ್ಟು ಇಳಿಯುತ್ತಿಲ್ಲ. ನಮ್ಮ ಶೆಡ್ಡಿನ ಪದ್ಧತಿ ನಿನಗೆ ಗೊತ್ತು. ಬೋಟಿನ ಅಡಿಗೆ ಇಳಿಯುವವನು ಮೊದಲು ಬೋಟಿನ ಮೂತಿಗೆ ಕೆಂಪು ಬಟ್ಟೆ ಕಟ್ಟಬೇಕು. ಬಟ್ಟೆ ಇರುವ ತನಕ ಯಾರೂ ಹಗ್ಗ ಎಳೆಯುವ ಹಾಗಿಲ್ಲ, ಬೆಣೆ ಅಲುಗಿಸುವ ಹಾಗಿಲ್ಲ. ಕಟ್ಟಿದವನೇ ಹೊರಗೆ ಬಂದು ಬಿಚ್ಚಬೇಕು. ನನ್ನ ಮಾವನವರ ಕಾಲದಿಂದ ಹೀಗೇ.

ಆ ದಿನ ನಮ್ಮವನೊಬ್ಬ ಬಟ್ಟೆ ಕಟ್ಟಿ, ಹಿಂದುಗಡೆ ನೀರು ತಳ್ಳುವ ಫ್ಯಾನು ನೋಡಲು ಅಡಿಗೆ ಇಳಿದಿದ್ದ. ಆಮೇಲೆ ಜಟ್ಟಿ ಮುಂದುಗಡೆಯಿಂದ ನುಸುಳಿ ಹಲಗೆಯ ಬಿರುಕು ನೋಡಿದ. ಅವನ ಕೆಲಸ ಬೇಗ ಮುಗಿಯಿತು. ಹೊರಗೆ ಬಂದು ಕೈ ಕೊಡವಿ, ಬಟ್ಟೆ ಬಿಚ್ಚಿ ಹೆಗಲಿಗೆ ಹಾಕಿಕೊಂಡು ಹೋದ. ಹಗ್ಗದವರು ಕಂಡರು, ಬಟ್ಟೆ ಇಲ್ಲ. ಎಳೆದರು. ಬೋಟು ವಾಲಿ, ಅಡಿಯಲ್ಲಿದ್ದವನ ಕಾಲು ದಿಮ್ಮಿಗಳ ನಡುವೆ ಸಿಕ್ಕಿತು. ಈಗ ಕುಮಟೆಯ ಆಸ್ಪತ್ರೆಯಲ್ಲಿದ್ದಾನೆ. ಅಲ್ಲಿನ ಡಾಕ್ಟರು ಪುಣ್ಯವಂತರು, ಕಾಲು ಉಳಿಯುತ್ತದೆ ಎಂದಿದ್ದಾರೆ. ಇಡಗುಂಜಿ ಗಣಪತಿಗೆ ಹರಕೆ ಹೇಳಿಕೊಂಡಿದ್ದೇನೆ.

ಜಟ್ಟಿಯನ್ನು ಅಂಗಳದಲ್ಲಿ ನಿಲ್ಲಿಸಿ ಕೇಳಿದೆ: "ನಿಂಗೆ ಕಣ್ಣಿಲ್ವಾ?"

"ಬಟ್ಟೆ ನನಗಾಗೇ ಕಟ್ಟಿದ್ದು ಅಂತ ತಿಳ್ಕಂಡೆ ಅಮ್ಮ."

"ನೀನೆಂತ ಮದುಮಗನಾ, ಬಟ್ಟೆ ಕಟ್ಟಿ ದಾರಿ ಕಾಯ್ಲಿಕ್ಕೆ?"

ಮಾತು ಹೆಚ್ಚಿನವನು ತಲೆ ಬಗ್ಗಿಸಿ ಶೆಡ್ಡಿನ ಕಡೆ ನಡೆದ. ನೂಲ ಹುಣ್ಣಿಮೆಗೆ ಬೋಟು ನೀರಿಗಿಳಿದ ಮೇಲೆ ಅವನು ಈ ಕಡೆ ತಲೆ ಹಾಕಬಾರದು. ಹೊನ್ನಾವರದ ಯಾವ ಶೆಡ್ಡಿಗೂ ಸೇರಿಸದ ಹಾಗೆ ಹೇಳಿಸುತ್ತೇನೆ.

ಶ್ರೀಕೃಷ್ಣ ಬೇರೆಯವರ ಬೋಟಿನಲ್ಲಿ ಸಮುದ್ರಕ್ಕೆ ಹೋಗಿದ್ದಾನೆ. ಅದಕ್ಕೇ ಪತ್ರವಿಲ್ಲ.

ದುರ್ಗಮ್ಮ


ಹೈದರಾಬಾದ್
23 ಜುಲೈ 1986

ಪೂಜ್ಯ ಅತ್ತೆಯವರಿಗೆ ಕಮಲಿಯ ಸಾಷ್ಟಾಂಗ ನಮಸ್ಕಾರಗಳು.

ನಿಮ್ಮ ಪತ್ರವನ್ನು ಊಟದ ತಟ್ಟೆ ಮುಂದಿಟ್ಟುಕೊಂಡು ಓದಿದೆ. ಅನ್ನ ತಣ್ಣಗಾಯಿತು. ಜಟ್ಟಿ ಮಾಡಿದ್ದನ್ನೇ ನನ್ನ ಪ್ರೋಗ್ರಾಮ್ ಮಾಡುತ್ತಿತ್ತು.

ಮುಖ್ಯ ಪ್ರೋಗ್ರಾಮ್ ಒಮ್ಮೊಮ್ಮೆ ತಾನೇ ಬಾಗಿಲು ಹಾಕಿಕೊಳ್ಳುತ್ತದೆ ಎಂದು ಬರೆದಿದ್ದೆನಲ್ಲ. ಹಾಗೆ ಹಾಕಿಕೊಂಡು ಒಂದು ಸೂಕ್ಷ್ಮ ಕೆಲಸದ ನಡುವೆ ಇರುವಾಗಲೇ ಎಡವಿತು ಎನ್ನಿ. ನನ್ನ ಭಾಗ ನೋಡಲು ಬರುತ್ತದೆ. ನೋಡಿ ಮುಗಿಸುತ್ತದೆ. ಹೋಗುವಾಗ ಬಾಗಿಲು ತೆರೆದು ಹೋಗುತ್ತದೆ. ತಾನು ಬಂದಾಗ ಬಾಗಿಲು ಮೊದಲೇ ಮುಚ್ಚಿತ್ತೇ ಎಂದು ಅದು ನೋಡಿಯೇ ಇಲ್ಲ. ಒಳಗಿನವರ ಕೆಲಸ ಇನ್ನೂ ಅರ್ಧದಲ್ಲಿದೆ, ಹೊರಗೆ ಕಾಯುತ್ತಿದ್ದ ಕರೆಗಳೆಲ್ಲ ಒಟ್ಟಿಗೆ ನುಗ್ಗುತ್ತವೆ. ಬೋಟು ವಾಲುತ್ತದೆ. ಬಾಗಿಲು ತೆರೆದಿರುವಾಗ ಎಡವಿದರೆ ಏನೂ ಆಗುವುದಿಲ್ಲ. ಅದಕ್ಕೇ ಯಾವಾಗಲೋ ಒಮ್ಮೆ ಮಾತ್ರ ನಿಲ್ಲುತ್ತಿತ್ತು.

ಈಗ ಬರುತ್ತಿದ್ದಂತೆ ಮೊದಲು ಬಾಗಿಲಿನ ಸ್ಥಿತಿ ನೋಡಿ ನೆನಪಿಟ್ಟುಕೊಳ್ಳುವ ಹಾಗೆ ಬರೆದಿದ್ದೇನೆ. ತೆರೆದಿದ್ದರೆ ಹೋಗುವಾಗ ತೆರೆಯುತ್ತದೆ. ಮುಚ್ಚಿದ್ದರೆ ಮುಚ್ಚಿಯೇ ಹೋಗುತ್ತದೆ, ಮುಚ್ಚಿದವರು ತೆರೆಯಲಿ ಎಂದು. ಬರೆದ ಮೇಲೆ ಒಮ್ಮೆಯೂ ನಿಂತಿಲ್ಲ. ನನ್ನನ್ನು ಬಿಡುವ ಮಾತು ಮೇಲಿನವರು ಮತ್ತೆ ಆಡಿಲ್ಲ. ಇದು ನಿಮ್ಮ ಪತ್ರದ ಉಪಕಾರ. ಬಾಯಲ್ಲಿ ಹೇಳಿದ್ದರೆ ನೀವು "ಸಾಕು, ಆತು" ಎನ್ನುತ್ತಿದ್ದಿರಿ. ಬರೆದಿದ್ದೇನೆ, ಓದಲೇಬೇಕು.

ಇನ್ನೊಂದು ಮಾತು. ಜಟ್ಟಿಯನ್ನು ಕಳಿಸಬೇಡಿ. ನನ್ನ ತವರಿನ ಶೆಡ್ಡಿನಲ್ಲಿ ಪದ್ಧತಿಯೇ ಬೇರೆ. ಅಲ್ಲಿ ಬಡಗಿಯನ್ನು ಕರೆಸುವವರೇ ಅವನಿಗಾಗಿ ಮೊದಲು ಬಟ್ಟೆ ಕಟ್ಟಿಸಿ ಇಟ್ಟಿರುತ್ತಾರೆ. ಕೆಲಸ ಮುಗಿಸಿದ ಬಡಗಿ ಬಿಚ್ಚುತ್ತಾನೆ. ನೀವು ಕರೆಸಿದಿರಿ, ಬಟ್ಟೆ ಕಟ್ಟಿತ್ತು, ತನಗಾಗಿಯೇ ಎಂದುಕೊಂಡ. ಅವನು ಸುಳ್ಳು ಹೇಳಿಲ್ಲ. ನನ್ನ ತಪ್ಪಿಗೆ ಇಲ್ಲಿ ಯಾರೂ ನನ್ನನ್ನು ಊರು ಬಿಡಿಸಲಿಲ್ಲ, ಸರಿಮಾಡು ಎಂದರು.

ಕಾಲು ಪೆಟ್ಟಾದವರಿಗೆ ಬೇಗ ಗುಣವಾಗಲಿ. ನಿಮ್ಮ ಮಗ ಸಮುದ್ರದಿಂದ ಬಂದ ಮೇಲೆ ಎರಡು ಸಾಲು ಬರೆಯಲು ಹೇಳಿ.

ಕಮಲಿ


ಕಾಸರಕೋಡು
12 ಆಗಸ್ಟ್ 1986

ಚಿ. ಸೌ. ಕಮಲಿಗೆ ಆಶೀರ್ವಾದ.

ನಿನ್ನೆ ನಿನ್ನ ಪರೀಕ್ಷೆಯ ದಿನ ಮುಗಿಯಿತು. ಏನಾಯಿತೆಂದು ಗೊತ್ತಿಲ್ಲ. ಏನೇ ಆಗಿರಲಿ, ಇನ್ನು ನಾನು ಬರೆಯಬಹುದು. ಕೂತು ಓದು.

ಬೋಟಿನ ಅಡಿಯಲ್ಲಿ ಇದ್ದವನು ಶ್ರೀಕೃಷ್ಣ.

ಈಗ ಮನೆಗೆ ಬಂದಿದ್ದಾನೆ. ಕಾಲು ಉಳಿದಿದೆ. ಕೋಲು ಹಿಡಿದು ಜಗಲಿಯ ತನಕ ಬರುತ್ತಾನೆ. ಬಲಪಾದ ಸ್ವಲ್ಪ ಸೊಟ್ಟ ಉಳಿಯಬಹುದು ಎಂದಿದ್ದಾರೆ. ಪ್ರಾಣಕ್ಕೆ ಏನೂ ಇರಲಿಲ್ಲ, ಅದನ್ನು ಡಾಕ್ಟರ ಬಾಯಿಂದ ಕೇಳಿದ ಮೇಲೆಯೇ ನಿನಗೆ ತಿಳಿಸಬಾರದೆಂದು ನಿಶ್ಚಯ ಮಾಡಿದ್ದು. ಅವನು ಬರೆಯುತ್ತೇನೆ ಎಂದ, ನಾನೇ ಬಿಡಲಿಲ್ಲ. "ಬರೆದರೆ ಅವಳು ಓಡಿ ಬರ್ತಾಳೆ, ಬಂದರೆ ಅವಳ ಕೆಲಸ ಹೋಗ್ತದೆ" ಎಂದೆ. "ಅವಳಿಗೆ ಆಮೇಲೆ ಗೊತ್ತಾದರೆ ನಿಮ್ಮನ್ನು ಬಿಡ್ತಾಳಾ?" ಎಂದು ನಕ್ಕ. ಆಸ್ಪತ್ರೆಯ ಮಂಚದಲ್ಲಿ ನಗುವವನಿಗೆ ಪ್ರಾಣಭಯವಿಲ್ಲ ಎಂದು ನನಗೆ ಅಲ್ಲೇ ಧೈರ್ಯ ಬಂತು. ಬಾಗಿಲಿಲ್ಲದ ಕರೆ ಒಂದಿದೆ ಎಂದು ನೀನೇ ಬರೆದಿದ್ದೆ. ನನಗೆ ಅದು ತಂತಿ. ಅವನ ಜೀವಕ್ಕೆ ಏನಾದರೂ ಇದ್ದಿದ್ದರೆ ಆ ಗಳಿಗೆಯಲ್ಲೇ ತಂತಿ ಬರುತ್ತಿತ್ತು. ಅದು ಬಾರದಿದ್ದುದಕ್ಕೆ ದೇವರಿಗೆ ಕೈಮುಗಿ.

ಜಟ್ಟಿಯ ವಿಷಯ. ಅವನನ್ನು ಬೈದದ್ದು ಬರೆದಿದ್ದೆ. ಮೂರು ಮಂದಿ ಕೈಹಾಕಿ ಎತ್ತಲಾರದ ದಿಮ್ಮಿಗೆ ಹೆಗಲು ಕೊಟ್ಟವನು, ಶ್ರೀಕೃಷ್ಣನನ್ನು ಬೆನ್ನ ಮೇಲೆ ಹೊತ್ತು ಹೆದ್ದಾರಿಗೆ ತಂದವನು, ಲಾರಿಗೆ ಅಡ್ಡ ನಿಂತು ನಿಲ್ಲಿಸಿದವನು, ಕುಮಟೆಯ ತನಕ ಆ ಕಾಲನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡವನು ಅವನೇ. ಅದನ್ನು ಬರೆದಿರಲಿಲ್ಲ. ಸಿಟ್ಟಿನಲ್ಲಿ ಬರೆಯಲು ಮನಸ್ಸಾಗಲಿಲ್ಲ. ನಿನ್ನ ಪತ್ರ ಓದಿದ ಮೇಲೆ ಅವನನ್ನು ಕರೆಸಿದೆ.

"ನಿಮ್ಮ ಕಡೆ ಬಟ್ಟೆ ಯಾರು ಕಟ್ಟುದು?"

"ಕರೆಸಿದವರು."

"ಇದನ್ನು ಆ ದಿನ ಹೇಳ್ಲಿಕ್ಕೆ ಎಂತ ಆಗಿತ್ತು?"

"ನೀವು ಕೇಳಿದ್ದು ಕಣ್ಣಿಲ್ವಾ ಅಂತ. ಕಣ್ಣಿತ್ತು ಅಮ್ಮ."

ಕರೆಸಿದವಳು ನಾನು. ನಮ್ಮ ಪದ್ಧತಿ ಜಗತ್ತಿಗೆಲ್ಲ ಗೊತ್ತಿರುತ್ತದೆ ಎಂದುಕೊಂಡವಳೂ ನಾನು. ಅವನಿಗೆ ಊಟ ಬಡಿಸಿದೆ. ನಾನೇ ಬಡಿಸಿದೆ, ಮಾದಿಯಲ್ಲ. ಮುಂದಿನ ಮಳೆಗಾಲಕ್ಕೂ ಬರಬೇಕು ಎಂದೆ. ಅವನ ಋಣ ನಮ್ಮ ಮನೆಯ ಮೇಲಿದೆ. ನಿನ್ನದೂ ಇದೆ. ನೀನು ಬರೆಯದಿದ್ದರೆ ಮಗನನ್ನು ಉಳಿಸಿದವನನ್ನು ನಾನು ಓಡಿಸಿರುತ್ತಿದ್ದೆ.

ಬೈಯುವುದಿದ್ದರೆ ಬರೆದು ಬೈ.

ದುರ್ಗಮ್ಮ


ಹೈದರಾಬಾದ್
18 ಆಗಸ್ಟ್ 1986

ಪೂಜ್ಯ ಅತ್ತೆಯವರಿಗೆ ನಮಸ್ಕಾರಗಳು.

ಯಂತ್ರ ಇಡೀ ದಿನ ನಡೆಯಿತು. ಅಧಿಕಾರಿಯೊಬ್ಬರು ಬೇಕೆಂದೇ ನಡುನಡುವೆ ಎಡವಿಸಿ ನೋಡಿದರು. ಪ್ರತಿ ಸಲವೂ ನಿಂತು, ತೋರಿಸಿ, ಇದ್ದ ಹಾಗೇ ಬಿಟ್ಟು ಮುಂದೆ ಹೋಯಿತು. ತಂಡ ಉಳಿಯಿತು. ಕುಮಟೆಯವರಿಗೆ ಹೇಳಿ.

ನಿಮ್ಮ ಸುಳ್ಳು ನನಗೆ ಜುಲೈಯಲ್ಲೇ ಗೊತ್ತಾಗಿತ್ತು. ಆಷಾಢದಲ್ಲಿ ಯಾರ ಬೋಟು ಸಮುದ್ರಕ್ಕೆ ಹೋಗುತ್ತದೆ? ನಾನೂ ಭಟ್ಕಳದ ಬಂದರದಲ್ಲಿ ಬೆಳೆದವಳು. ಆದರೆ ನಾನು ತಿಳಿದದ್ದು ಬೇರೆ. ಅವರಿಗೆ ನನ್ನ ಮೇಲೆ ಸಿಟ್ಟು, ಬರೆಯಲು ಮನಸ್ಸಿಲ್ಲ, ನೀವು ಮುಚ್ಚಿಡುತ್ತಿದ್ದೀರಿ ಎಂದುಕೊಂಡೆ. ಕೇಳಿದರೆ ಹೌದೆಂದು ಬರೆದೀರಿ ಎಂಬ ಹೆದರಿಕೆಗೆ ಕೇಳಲಿಲ್ಲ. ದಿನವೂ ಕೆಲಸಕ್ಕೆ ಕೂರುವ ಮುಂಚೆ ಆ ಸಾಲು ಓದುತ್ತಿದ್ದೆ. ನೀವು ಬಾಗಿಲು ಹಾಕಿದಿರಿ, ನಾನು ಒಳಗೆ ನೆಮ್ಮದಿಯಾಗಿ ಇರಲಿಲ್ಲ.

ನೀವು ಮಾಡಿದ್ದರಿಂದ ನನ್ನ ಕೆಲಸ ಉಳಿಯಿತು. ಬದುಕಿರುವ ತನಕ ಅದನ್ನು ಮರೆಯುವುದಿಲ್ಲ. ನನ್ನ ಕೆಲಸವನ್ನು ನನ್ನ ತಾಯಿಯೂ ಹೀಗೆ ಕಾಯುತ್ತಿರಲಿಲ್ಲ. ಆದರೆ ಇದನ್ನೂ ಬರೆಯಬೇಕು. ಬಹಳ ಹೊತ್ತು ಮುಚ್ಚಿಟ್ಟರೆ ಕೆಲವು ಕರೆಗಳು ಕಳೆದೇ ಹೋಗುತ್ತವೆ ಎಂದು ಮೇ ತಿಂಗಳ ಪತ್ರದಲ್ಲೇ ಹೇಳಿದ್ದೆ. ಅವರು ಕುಮಟೆಯಲ್ಲಿ ಮಲಗಿದ್ದಾಗ ಪಕ್ಕದಲ್ಲಿ ಕೂರುವುದು ನನ್ನದಾಗಿತ್ತು. ಅದು ಇನ್ನು ಸಿಗುವುದಿಲ್ಲ. ಇನ್ನೊಮ್ಮೆ ನನ್ನ ಬಾಗಿಲು ಮುಚ್ಚುವಾಗ ನನ್ನನ್ನು ಕೇಳಿ.

ರಜೆ ಸಿಕ್ಕಿದೆ. ಶನಿವಾರ ಹೊರಡುತ್ತೇನೆ.

ಕಮಲಿ


ಕಾಸರಕೋಡು
19 ಅಕ್ಟೋಬರ್ 1986

ಚಿ. ಸೌ. ಕಮಲಿಗೆ ಅತ್ತೆಯ ಆಶೀರ್ವಾದ.

ನೀನು ಬಂದು ಹೋದ ಮೇಲೆ ಮನೆ ಸ್ವಲ್ಪ ದಿನ ದೊಡ್ಡದಾಗಿ ಕಂಡಿತು. ಇಲ್ಲಿದ್ದಾಗ ನೀನು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಗಂಡನ ಪಾದಕ್ಕೆ ಎಣ್ಣೆ ತಿಕ್ಕುತ್ತ ಕೂತಿದ್ದೆ. ಅದನ್ನು ಬಾಗಿಲಲ್ಲಿ ನಿಂತು ನೋಡಿದಾಗ ನಿನ್ನ ಪತ್ರದ ಕೊನೆಯ ಮಾತು ನನಗೆ ಸರಿಯಾಗಿ ಅರ್ಥವಾಯಿತು. ಇನ್ನು ಕೇಳುತ್ತೇನೆ. ಇದನ್ನು ನಾನು ಯಾರಿಗೂ ಬರೆದು ಕೊಟ್ಟವಳಲ್ಲ, ಇಟ್ಟುಕೋ.

ಶೆಡ್ಡಿನಲ್ಲಿ ಹೊಸ ಪದ್ಧತಿ ಮಾಡಿದ್ದೇನೆ. ಅಡಿಗೆ ಇಳಿಯುವ ಪ್ರತಿಯೊಬ್ಬನಿಗೂ ಅವನದೇ ಬಟ್ಟೆ. ಅವನು ಕಟ್ಟಬೇಕು, ಅವನೇ ಬಿಚ್ಚಬೇಕು. ಮೂತಿ ಪೂರ್ತಿ ಬರಿದಾಗುವ ತನಕ ಹಗ್ಗ ಮುಟ್ಟುವ ಹಾಗಿಲ್ಲ. ಹೊಸಬರು ಬಂದರೆ ಮೊದಲು ಇದನ್ನು ಹೇಳುವವನು ಜಟ್ಟಿ. ಹಗ್ಗ ಎಳೆಯುವ ಶುಕ್ರ ತನ್ನ ಹೆಂಡತಿಯ ಹಳೆ ಸೀರೆಯ ಸೆರಗು ಹರಿದು ತಂದು ಕಟ್ಟಿದ್ದಾನೆ. "ಬೋಟಿಗೆ ಸೀರೆ ಉಡಿಸ್ತಿಯಾ?" ಎಂದು ಜಟ್ಟಿ ದಿನಾ ಕಾಡುತ್ತಾನೆ.

ನಿನಗೆ ನಾನು ಕಟ್ಟಿದ್ದ ಬಟ್ಟೆ ನಾನೇ ಬಿಚ್ಚಬೇಕಲ್ಲ. ಬಿಚ್ಚಿದ್ದೇನೆ. ಮೇ ತಿಂಗಳಿಂದ ಎಷ್ಟೋ ಸುದ್ದಿ ನಿನ್ನ ತಲೆಗೆ ಬೇಡವೆಂದು ತಡೆದು ಇಟ್ಟಿದ್ದೆ, ಈಗ ಕೇಳು. ಗಾಳಿಗೆ ಅಡುಗೆಮನೆಯ ಮಾಡಿನ ಹೆಂಚು ಹಾರಿ ನೀನು ತಂದಿದ್ದ ಗಾಜಿನ ಭರಣಿ ಒಡೆಯಿತು. ಮಡಕೆಯ ಹಾಗಲ್ಲ, ಇದು ನಿಜವಾಗಿ ತಾನೇ ಒಡೆಯಿತು. ಮಾದಿಯ ಮಗಳಿಗೆ ಗಂಡು ಗೊತ್ತಾಗಿದೆ. ಕಪ್ಪು ಬೆಕ್ಕು ನಿನ್ನ ಪೆಟ್ಟಿಗೆಯ ಮೇಲೆ ಮರಿ ಹಾಕಿತ್ತು, ನೀನು ಬರುವ ಮುಂಚೆ ತೊಳೆಸಿಟ್ಟೆ. ಕುಮಟೆಯವಳು ಸಂತೆಯಲ್ಲಿ ಸಿಕ್ಕಳು. ತಿಂಬುದೂ ಅಲ್ಲ ಉಡುದೂ ಅಲ್ಲ, ಎಡವಿದವರನ್ನು ಎತ್ತಿ ನಿಲ್ಲಿಸಿ ಇದ್ದಲ್ಲಿಗೇ ಬಿಡುದು ಎಂದೆ. ಬಂಗುಡೆ ಕೊಂಡು ಬಂದೆ. ಶ್ರೀಕೃಷ್ಣ ಮೊನ್ನೆ ಕೋಲಿಲ್ಲದೆ ಅಳಿವೆಯ ತನಕ ನಡೆದ. ಅದನ್ನು ಅವನೇ ಬರೆಯುತ್ತೇನೆ ಎಂದಿದ್ದ, ತಡೆಯಲಾಗದೆ ನಾನೇ ಬರೆದೆ.

ಕೊನೆಯದು ಒಂದಿದೆ. ನೀನಿಲ್ಲದೆ ನನಗೆ ಬೇಸರವಾಗುತ್ತದೆ. ಇದು ತುರ್ತಲ್ಲ, ಕೆಲಸ ಬಿಟ್ಟು ಬರಬೇಡ. ಬಹಳ ದಿನದಿಂದ ಬಾಗಿಲಲ್ಲಿ ನಿಂತಿತ್ತು, ಒಳಗೆ ಬಿಟ್ಟೆ.

ದುರ್ಗಮ್ಮ